ಡಬ್ಬಿಯ ಮೇಲಿನ ಹೆಪ್ಪು

ನ್ಯಾಮತಿಯ ಜಯದೇವಪ್ಪನವರ ಮನೆಯಲ್ಲಿ ಮೊಸರಿಲ್ಲದೆ ರಾತ್ರಿಯ ಊಟ ಮುಗಿಯುತ್ತಿರಲಿಲ್ಲ. ರೊಟ್ಟಿ, ಪಲ್ಯ, ಸಾರು ಎಲ್ಲವನ್ನೂ ಅವರು ಬಸ್ಸು ಹಿಡಿಯುವವರ ಹಾಗೆ ಬೇಗಬೇಗ ಮುಗಿಸುತ್ತಿದ್ದರು. ಕೊನೆಗೆ ಅನ್ನಕ್ಕೆ ಮೊಸರು ಬಿದ್ದ ಮೇಲೆಯೇ ತಲೆಯೆತ್ತಿ ಮನೆಯವರ ಮುಖ ನೋಡುತ್ತಿದ್ದುದು. ಜಗಳೂರಿನಿಂದ ಈ ಮನೆಗೆ ಹಿರಿಸೊಸೆಯಾಗಿ ಬಂದ ವಾಣಿಶ್ರೀ ಮೊದಲ ವಾರದಲ್ಲೇ ಇದನ್ನು ಕಲಿತಿದ್ದಳು. ಮಾವನಿಗೆ ಏನಾದರೂ ಹೇಳುವುದಿದ್ದರೆ ಮೊಸರು ಬಡಿಸಿದ ಮೇಲೆ ಹೇಳಬೇಕು. ಅದಕ್ಕಿಂತ ಮೊದಲು ಹೇಳಿದ್ದು ಗೋಡೆಗೆ ಹೇಳಿದಂತೆ.

ದೀಪಾವಳಿ ಕಳೆದ ವಾರ ಮೈದುನ ಪ್ರದೀಪನೂ ಆ ಹೊತ್ತು ನೋಡಿಯೇ ಬಾಯಿಬಿಟ್ಟ.

"ಅಪ್ಪಾಜಿ, ಮುಂದಿನ ಖಾಲಿ ಮಳಿಗೆ ನನಗೆ ಕೊಡ್ರಿ. ಕ್ಯಾಮೆರಾ, ನೆಟ್‌ವರ್ಕಿನ ಅಂಗಡಿ ಇಡ್ತೀನಿ. ಚನ್ನಗಿರ್ಯಾಗೆ ಇನ್ನೊಬ್ರ ಅಂಗಡೀಲಿ ಎಷ್ಟು ವರ್ಷ ದುಡೀಲಿ?"

"ಮೆಕ್ಕೆಜೋಳದ ಯಾಪಾರಕ್ಕೆ ಯಾರು ಕೂರ್ತಾರೆ?"

"ಅಣ್ಣ ಅದಾನಲ್ಲ."

ವಾಣಿಶ್ರೀಯ ಗಂಡ ಗುರುಬಸವರಾಜ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನನ್ನ ಹೆಸರು ಎಳೀಬ್ಯಾಡಪ್ಪ. ನಾನು ಉಣ್ತಾ ಇದೀನಿ."

ಜಯದೇವಪ್ಪ ಮೊಸರನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು. "ನಿನ್ನ ವಿದ್ಯೆ ಮೊದ್ಲು ಈ ಮನ್ಯಾಗೆ ತೋರ್ಸು. ಶಿವರಾತ್ರಿವರೆಗೆ ಕೆಡದಂಗೆ ನಡೀಲಿ. ಆಮ್ಯಾಲೆ ಮಳಿಗೆ ಮಾತು."

ಪ್ರದೀಪನಿಗೆ ಅಷ್ಟೇ ಸಾಕಾಗಿತ್ತು. ಅದೇ ವಾರ ಮನೆ ತುಂಬ ನೀಲಿ ವೈರು ಓಡಾಡಿತು. ಮುಂಬಾಗಿಲಿಗೆ, ಮೆಕ್ಕೆಜೋಳ ಒಣಗುವ ಕಣಕ್ಕೆ, ಗೋದಾಮಿಗೆ, ಹಿತ್ತಲಿಗೆ ಒಂದೊಂದು ಕ್ಯಾಮೆರಾ. ಮಹಡಿಯಲ್ಲಿ ವೈಫೈಗೆಂದು ಬಿಳಿ ತಟ್ಟೆಯಂಥದ್ದು. ಎಲ್ಲ ವೈರುಗಳೂ ಬಂದು ಸೇರಿದ್ದು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ, ಇನ್ವರ್ಟರ್ ಮೇಲಿನ ಹಲಗೆಯ ಮೇಲೆ ಕೂತ ಕಪ್ಪು ಬಣ್ಣದ ತಗಡಿನ ಡಬ್ಬಿಗೆ. ಪ್ರದೀಪ ಅದನ್ನು ಪಿಒಇ ಸ್ವಿಚ್ ಎಂದ. ಮನೆಯವರು ಡಬ್ಬಿ ಎಂದರು, ಆ ಹೆಸರೇ ಉಳಿಯಿತು.

"ಇದ್ರ ಮಜಾ ಏನು ಗೊತ್ತೇನವ್ವ? ಕ್ಯಾಮೆರಾಕ್ಕೆ ಬ್ಯಾರೆ ಕರೆಂಟು ಎಳೆಯೋದೇ ಬ್ಯಾಡ. ಈ ನೀಲಿ ವೈರು ಒಂದೇ ಕರೆಂಟೂ ಒಯ್ಯುತ್ತೆ, ಚಿತ್ರಾನೂ ತರುತ್ತೆ. ಎಲ್ಲಾ ಈ ಡಬ್ಬಿಯಿಂದ್ಲೇ."

ಅವನ ತಾಯಿ ಶಿವಗಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಡಬ್ಬಿಯ ಹಸಿರು ದೀಪಗಳನ್ನು ನೋಡಿದರು. "ಅಂದ್ರೆ ಇದೊಂದನ್ನ ಆರಿಸಿದ್ರೆ ಎಲ್ಲಾ ಆರ್ತಾವೆ?"

"ಹೂಂ, ಎಲ್ಲಾ. ಆದ್ರೆ ಆರೋ ಮಾತೇ ಇಲ್ಲ. ಕರೆಂಟು ಹೋದ್ರೂ ಇನ್ವರ್ಟರ್ ಐತೆ."

"ಒಳ್ಳೇದಾತು ಬಿಡು," ಎಂದರು ಶಿವಗಂಗಮ್ಮ. ಅವ್ವನಿಗೆ ತನ್ನ ವಿದ್ಯೆ ಅರ್ಥವಾಯಿತಲ್ಲ ಎಂದು ಪ್ರದೀಪ ಹಿಗ್ಗಿದ.

ತಕರಾರು ತೆಗೆದವಳು ವಾಣಿಶ್ರೀ ಒಬ್ಬಳೇ. ಹಿತ್ತಲಿನ ಕ್ಯಾಮೆರಾ ನೇರವಾಗಿ ಬಚ್ಚಲ ಬಾಗಿಲಿಗೇ ಮುಖಮಾಡಿತ್ತು. ಹಳೆಯ ಮನೆ, ಬಚ್ಚಲು ಹಿತ್ತಲಿನಲ್ಲಿ ಬೇರೆಯಾಗಿಯೇ ಇತ್ತು, ಹಂಡೆ ಒಲೆಯ ಸಮೇತ.

"ಹೆಂಗಸ್ರು ಹೋಗಿ ಬರೋ ಜಾಗ ಪ್ರದೀಪಾ. ಅಲ್ಲಿಗ್ಯಾಕೆ?"

"ಅತ್ಗೆ, ಕಳ್ಳರು ಮುಂಬಾಗಿಲಿಗೆ ಬಂದು ಕರೀತಾರೇನು? ಹಿಂದಿನಿಂದ್ಲೇ ಬರೋದು. ಒಳಗೇನೂ ಕಾಣಲ್ಲ, ಬಾಗಿಲು ಮಾತ್ರ."

ವಾಣಿಶ್ರೀ ಮಾತು ಬೆಳೆಸಲಿಲ್ಲ. ಮರುದಿನ ಒಗೆದ ಸೀರೆಯೊಂದನ್ನು ಕ್ಯಾಮೆರಾದ ಮೂಗಿಗೇ ಹಿಡಿದಂತೆ ಹಗ್ಗಕ್ಕೆ ಹರವಿದಳು. ಪ್ರದೀಪ ಹಗ್ಗ ಬಿಚ್ಚಿ ಆಚೆ ಕಟ್ಟಿದ. ಇದು ಮನೆಯವರೆಲ್ಲರಿಗೂ ಗೊತ್ತಾಯಿತು. ಮುಂದೆ ಅವಳ ಕುತ್ತಿಗೆಗೆ ಬಂದದ್ದೂ ಇದೇ.

ಕಾರ್ತೀಕ ಮುಗಿಯುತ್ತಲೇ ಚಳಿ ಬಿತ್ತು. ಗ್ಯಾಸಿನ ಒಲೆ ಬಂದ ಮೇಲೆ ಆ ಅಡುಗೆಮನೆಯಲ್ಲಿ ಬೆಚ್ಚಗಿನ ಮೂಲೆ ಎಂಬುದೇ ಇರಲಿಲ್ಲ. ಮೊಸರು ಹೆಪ್ಪಾಗದೆ ಹಾಲು ಹಾಲಾಗಿ ಉಳಿಯತೊಡಗಿತು. ಶಿವಗಂಗಮ್ಮ ಪಾತ್ರೆಗೆ ಕಂಬಳಿ ಸುತ್ತಿ ನೋಡಿದರು, ಅಕ್ಕಿ ಡಬ್ಬದೊಳಗೆ ಹೂತು ನೋಡಿದರು. ಒಂದು ದಿನ ಉಗ್ರಾಣದಲ್ಲಿ ಬೇಳೆ ತೆಗೆಯುವಾಗ ಕೈ ಡಬ್ಬಿಗೆ ತಾಗಿತು. ಬಾಣಂತಿಯ ಹಾಸಿಗೆಯಷ್ಟು ಬೆಚ್ಚಗಿತ್ತು. ಮರುದಿನ ಬೆಳಗ್ಗೆ ಹಾಲು ಕಾಸಿ, ಆರಿಸಿ, ಹೆಪ್ಪು ಹಾಕಿ, ಪಾತ್ರೆಯನ್ನು ಅದರ ನೆತ್ತಿಯ ಮೇಲಿಟ್ಟರು. ರಾತ್ರಿಯ ಊಟಕ್ಕೆ ಮೊಸರು ಕಲ್ಲಿನಂತೆ ನಿಂತಿತ್ತು.

ಅದನ್ನು ನೋಡಿದ ಪ್ರದೀಪನಿಗೆ ಜೀವ ಬಾಯಿಗೆ ಬಂತು. "ಅವ್ವಾ! ಅದೇನು ಒಲೆನಾ?"

"ಬೆಚ್ಚಗೈತೆ ಕಣೋ."

"ಕೆಲಸ ಮಾಡ್ತೈತೆ, ಅದಕ್ಕೇ ಬೆಚ್ಚಗೈತೆ! ಅದಕ್ಕೆ ಗಾಳಿ ಆಡಬೇಕು. ಒಂದು ಹನಿ ಚೆಲ್ಲಿದ್ರೆ ನನ್ನ ಕಥೆ ಮುಗೀತು."

ಪಂಚಾಯ್ತಿ ರಾತ್ರಿ ಜಯದೇವಪ್ಪನವರ ತಟ್ಟೆಯ ಮುಂದೆ ಕೂತಿತು. ಅವರು ಎರಡನೇ ಸಲ ಮೊಸರು ಹಾಕಿಸಿಕೊಂಡು ತೀರ್ಪು ಕೊಟ್ಟರು. "ಅಲ್ಲೇ ಇಡ್ರಿ. ಈ ಚಳಿಗಾಲದಾಗೆ ಆ ಡಬ್ಬಿ ಮಾಡಿರೋ ಒಳ್ಳೇ ಕೆಲಸ ಅಂದ್ರೆ ಇದೊಂದೇ."

ಪ್ರದೀಪ ಹಲ್ಲು ಕಚ್ಚಿಕೊಂಡು ಡಬ್ಬಿಯ ಆಚೀಚೆ ಮರದ ತುಂಡು ನಿಲ್ಲಿಸಿ, ಗಾಳಿಯಾಡುವಷ್ಟು ಸಂದಿ ಬಿಟ್ಟು, ಮೇಲೊಂದು ತಗಡು ಹಾಸಿಕೊಟ್ಟ. ಪಾತ್ರೆ ಅದರ ಮೇಲೆ ನೆಲೆಯೂರಿತು.

ಮಂಗಳವಾರ ಮತ್ತು ಶನಿವಾರ ಜಯದೇವಪ್ಪ ಹೊನ್ನಾಳಿಯ ಮಾರುಕಟ್ಟೆಗೆ ಹೋಗುತ್ತಿದ್ದರು. ಪ್ರದೀಪ ಅವರ ಮೊಬೈಲಿನಲ್ಲಿ ಒಂದು ಚಿತ್ರ ಒತ್ತಿದರೆ ಕಣ ಕಾಣುವಂತೆ ಮಾಡಿಕೊಟ್ಟಿದ್ದ. ಅವರಿಗೆ ಬರುತ್ತಿದ್ದುದು ಅದೊಂದೇ. ಉಳಿದ ಕ್ಯಾಮೆರಾ ತೆರೆಯುವುದು ಅವರಿಗೆ ತಿಳಿಯದು, ಕಲಿಯುವ ಆಸೆಯೂ ಇಲ್ಲ. ಆದರೆ ಆ ಒಂದನ್ನೇ ಹೊನ್ನಾಳಿಯ ವರ್ತಕರಿಗೆಲ್ಲ ತೋರಿಸಿ, "ನೋಡ್ರಿ, ನಮ್ಮನೆ ಕಣ. ಗುಬ್ಬಿ ಕಾಳು ಹೆಕ್ಕಿದ್ರೂ ಕಾಣುತ್ತೆ," ಎಂದು ಮೆರೆಯುತ್ತಿದ್ದರು.

ಹಾಗೆ ಮೆರೆಯುತ್ತಿದ್ದ ಒಂದು ಮಂಗಳವಾರ ಪರದೆ ಕಪ್ಪಾಯಿತು. ಸುತ್ತ ನಿಂತವರು ನಕ್ಕರು. ಜಯದೇವಪ್ಪ ಮನೆಗೆ ಬಂದಾಗ ಮುಖ ಕೆಂಡವಾಗಿತ್ತು.

"ಎಲ್ಲೋ ನಿನ್ನ ವಿದ್ಯೆ? ನಾಕು ಜನದ ಮುಂದೆ ಮಾನ ಕಳೆದ್ಯಲ್ಲ!"

ಪ್ರದೀಪ ದಾಖಲೆ ತೆಗೆದು ನೋಡಿದ. ನಾಲ್ಕೂ ಕ್ಯಾಮೆರಾ ಒಂದೇ ಗಳಿಗೆಯಲ್ಲಿ ಸತ್ತು, ಮಧ್ಯಾಹ್ನ ಕಳೆದು ಒಂದೇ ಗಳಿಗೆಯಲ್ಲಿ ಎದ್ದಿದ್ದವು. "ವೈರು ಕೆಟ್ರೆ ಒಂದು ಹೋಗುತ್ತೆ ಅಪ್ಪಾಜಿ. ಎಲ್ಲಾ ಒಟ್ಟಿಗೆ ಹೋಗ್ಯಾವೆ ಅಂದ್ರೆ ಯಾರೋ ಡಬ್ಬೀನೇ ಆರಿಸ್ಯಾರೆ."

ಯಾರೂ ಹೆಸರು ಹೇಳಲಿಲ್ಲ. ಎಲ್ಲರ ಕಣ್ಣೂ ಮಾತ್ರ ವಾಣಿಶ್ರೀಯ ಕಡೆ ತಿರುಗಿತು. ಅವಳು ಅನ್ನದ ಪಾತ್ರೆ ಹಿಡಿದು ನಿಂತಿದ್ದಳು.

"ನಾನು ಮಧ್ಯಾಹ್ನ ಮನ್ಯಾಗೇ ಇರ್ಲಿಲ್ಲ. ಅತ್ತೆ ಗಿರಣಿಗೆ ಕಳಿಸಿದ್ರು," ಎಂದಳು.

"ಹೋಗೋಕೆ ಮುಂಚೆ ಆರಿಸಿದ್ಯೇನೋ," ಎಂದ ಅವಳ ಗಂಡ, ತಮಾಷೆಯೋ ನಿಜವೋ ತಿಳಿಯದ ದನಿಯಲ್ಲಿ.

"ಮೊಸರು ಹಾಕು," ಎಂದರು ಜಯದೇವಪ್ಪ.

ವಾಣಿಶ್ರೀ ಪಾತ್ರೆ ಬಗ್ಗಿಸಿದಳು. ಮೊಸರು ಬೀಳಲಿಲ್ಲ, ಹಾಲಿನಂತೆ ಸುರಿಯಿತು. ಮಧ್ಯಾಹ್ನವೆಲ್ಲ ತಣ್ಣಗಿದ್ದ ಡಬ್ಬಿಯ ಮೇಲೆ ಹೆಪ್ಪು ಕೂತಿರಲಿಲ್ಲ. ಜಯದೇವಪ್ಪ ಅದನ್ನೇ ಉಂಡು ಎದ್ದರು. ಕೈ ತೊಳೆಯಲು ಹಿತ್ತಲಿಗೆ ಹೋದವರು ಎಂದಿಗಿಂತ ತಡವಾಗಿ ಒಳಗೆ ಬಂದರು.

ಮುಂದಿನ ಶನಿವಾರವೂ ಡಬ್ಬಿ ಆರಿತು. ಅದರ ಮರು ಮಂಗಳವಾರ ಅತ್ತೆ ಮತ್ತೆ ಗಿರಣಿಗೆ ಹೋಗು ಎಂದಾಗ ವಾಣಿಶ್ರೀಯ ಕಿವಿ ನೆಟ್ಟಗಾಯಿತು. ಹಿಟ್ಟಿನ ಡಬ್ಬ ಅರ್ಧಕ್ಕಿಂತ ಮೇಲೆಯೇ ತುಂಬಿತ್ತು. ಅವಳು ಜೋಳದ ಚೀಲವನ್ನು ಗಿರಣಿಯಲ್ಲಿಟ್ಟು, ಆಮೇಲೆ ಬರುತ್ತೇನೆಂದು ಹೇಳಿ, ಹಿಂದಿನ ಓಣಿಯಿಂದ ಮನೆಗೆ ತಿರುಗಿದಳು.

ಬಚ್ಚಲಿನಿಂದ ಹೊಗೆ ಏಳುತ್ತಿತ್ತು. ಲೋಬಾನದ ವಾಸನೆ ಹಿತ್ತಲಿಗೆಲ್ಲ ಹರಡಿತ್ತು. ಬಾಗಿಲು ತಳ್ಳಿದರೆ ಒಳಗೆ ಶಿವಗಂಗಮ್ಮ ನೆಲದ ಮೇಲೆ ಕಾಲು ನೀಡಿ ಕೂತಿದ್ದಾರೆ. ಕಾಲಿನ ಮೇಲೆ ಬೋರಲಾಗಿ ಮಲಗಿದ ಕೂಸು, ಎಣ್ಣೆಯಲ್ಲಿ ಮಿಂದು ಕೆಂಪಗಿದೆ. ಮೂಲೆಯ ಮಣೆಯ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತವಳು ನಾದಿನಿ ಅರುಣಾ.

ಅರುಣಾಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹಿಂದಿನ ವರ್ಷ ಅವಳು ಸವಳಂಗದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಓಬಳೇಶನನ್ನು ಮದುವೆಯಾಗಿದ್ದಳು. ಜಾತಿ ಬೇರೆ. "ಆಕೆ ಈ ಹೊಸ್ತಿಲು ತುಳೀಬಾರ್ದು," ಎಂದು ಜಯದೇವಪ್ಪ ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದರು. ನಾಲ್ಕು ಜನರ ಮುಂದೆ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ದಸರೆಯ ಹೊತ್ತಿಗೆ ಅವಳಿಗೆ ಹೆರಿಗೆಯಾದ ಸುದ್ದಿ ಬಂದಾಗಲೂ ಅವರು ಪೇಪರಿನ ಹಾಳೆ ತಿರುವಿದ್ದರು.

"ಬಾಗ್ಲು ಹಾಕು, ಮಗೀಗೆ ಗಾಳಿ ತಗಲುತ್ತೆ," ಎಂದರು ಶಿವಗಂಗಮ್ಮ, ಸಿಕ್ಕಿಬಿದ್ದವರ ಲಕ್ಷಣವೇ ಇಲ್ಲದೆ. "ಆ ಚೊಂಬು ಕೊಡು. ಹಂಡ್ಯಾಗಿಂದ ನೀರು ತೋಡು."

ವಾಣಿಶ್ರೀ ನೀರು ತೋಡಿದಳು. ಕೂಸು ಕೆಂಪು ಬಾಯಿ ತೆರೆದು ಅರಚಿತು. ಅಜ್ಜಿ ನೀರೆರೆದು, ತಟ್ಟಿ, ಮೂಗು ತೀಡಿ, ಲೋಬಾನದ ಹೊಗೆಯ ಮೇಲೆ ಆಡಿಸಿ ಬಟ್ಟೆಯಲ್ಲಿ ಸುತ್ತಿದರು. ಅದು ತಕ್ಷಣ ನಿದ್ದೆ ಹೋಯಿತು.

"ಡಬ್ಬಿ ಆರಿಸೋರು ನೀವಾ?" ಎಂದಳು ವಾಣಿಶ್ರೀ.

"ಮತ್ತೇನು ಮಾಡ್ಲಿ? ಅವನೇ ಹೇಳ್ಕೊಟ್ಟ, ಇದೊಂದು ಆರಿಸಿದ್ರೆ ಎಲ್ಲಾ ಆರ್ತಾವೆ ಅಂತ."

"ನನ್ನ ಮೇಲೆ ಹಾಕಿದ್ರಲ್ಲ ಅತ್ತೆ. ನೀವು ಅಲ್ಲೇ ನಿಂತಿದ್ರಿ. ಬಾಯಿ ಬಿಡ್ಲಿಲ್ಲ."

ಶಿವಗಂಗಮ್ಮನ ಮುಖ ಮೊದಲ ಸಲ ಕುಂದಿತು. "ಬಿಟ್ಟಿದ್ರೆ ಇವಳಿಗೆ ಈ ಬಚ್ಚಲೂ ಇಲ್ಲ. ಅಲ್ಲಿ ಮನ್ಯಾಗೆ ಒಂದು ಹೆಣ್ಣು ದಿಕ್ಕಿಲ್ಲ ಕಣವ್ವ. ಅತ್ತೆ ಸತ್ತು ಯಾವ ಕಾಲಾತು. ಚೊಚ್ಚಲ ಬಾಣಂತನ ತವರಿಂದು. ನಾನು ಸವಳಂಗದ ಬಸ್ಸು ಹತ್ತಿದ್ರೆ ಸಂಜಿಯೊಳಗೆ ನಿಮ್ಮಾವನಿಗೆ ಸುದ್ದಿ. ಐದು ತಿಂಗಳು ತುಂಬೋವರೆಗಾದ್ರೂ ನನ್ನ ಕೈಯಾಗೆ ಎರೀಬೇಕು ಅಂತ ಆಸೆ. ನಿಮ್ಮಾವ ನೋಡಿದ ದಿನ ಅದು ಮುಗೀತು."

"ಹೊಸ್ತಿಲು ತುಳೀಬಾರ್ದು ಅಂದಿದ್ರಲ್ಲ."

"ಎಲ್ಲಿ ತುಳಿದಾಳೆ? ಓಣಿ ಗೇಟಿಂದ ಬಂದಾಳೆ, ಬಚ್ಚಲಾಗೆ ಕುಂತಾಳೆ. ಬಚ್ಚಲು ಮನೆಯಿಂದ ಹೊರಗೈತೆ. ನಾನೇನು ಅವರ ಮಾತು ಮೀರಿಲ್ಲ."

ಅರುಣಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಅತ್ಗೆ, ನಿಮಗೆ ತೊಂದ್ರೆ ಆಗೋದಾದ್ರೆ ನಾನು ಬರೋದು ಬಿಡ್ತೀನಿ."

ವಾಣಿಶ್ರೀ ಕೂಸಿನ ಮುಖ ನೋಡಿದಳು. ಮೂಗು ಅಚ್ಚು ಮಾವನದೇ, ಗಿಣಿಮೂಗು. ಪಾಪ ಅನ್ನಿಸಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

"ಶನಿವಾರ ಬಾ," ಎಂದಳು.

ಆ ರಾತ್ರಿ ಮತ್ತೆ ಜಗಳ. ಪ್ರದೀಪ ತಟ್ಟೆ ಮುಟ್ಟದೆ ಕೂತಿದ್ದ. ಜಯದೇವಪ್ಪ ಮಾತ್ರ ಈ ಸಲ ಕೂಗಾಡಲಿಲ್ಲ. ಹಾಲಿನಂಥ ಮೊಸರು ಕಲಸಿಕೊಂಡು ಹೊಟ್ಟೆ ತುಂಬ ಉಣ್ಣುತ್ತಿದ್ದರು.

"ಅತ್ಗೆ, ಹಿತ್ಲ ಕ್ಯಾಮೆರಾ ಬ್ಯಾಡಾಗಿದ್ರೆ ಬಾಯಿಬಿಟ್ಟು ಹೇಳ್ರಿ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ? ಇನ್ನು ಆ ಡಬ್ಬೀನ ಪೆಟ್ಟಿಗ್ಯಾಗಿಟ್ಟು ಬೀಗ ಹಾಕ್ತೀನಿ."

ಬೀಗ ಎಂದ ಕೂಡಲೇ ಶಿವಗಂಗಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ವಾಣಿಶ್ರೀ ಥಟ್ಟನೆ ಹೇಳಿದಳು: "ನಾನೇ ಆರಿಸಿದ್ದು. ಉಗ್ರಾಣ ಒರೆಸುವಾಗ ಶಾಕ್ ಹೊಡೆಯುತ್ತೇನೋ ಅಂತ ಹೆದ್ರಿಕೆ. ಆಮ್ಯಾಲೆ ಹಾಕೋದು ಮರೀತೀನಿ. ಇನ್ನು ಮುಟ್ಟಲ್ಲ."

"ನೆಲ ಒರೆಸಾಕೆ ಮಧ್ಯಾಹ್ನೆಲ್ಲಾ ಬೇಕಾ?" ಎಂದು ಗುರುಬಸವರಾಜ್ ಗದರಿದ. "ಹುಡುಗನ ಮಳಿಗೆ ಹೋದ್ರೆ ನಿನ್ನಿಂದ್ಲೇ ಹೋಯ್ತು ಅಂತಾರೆ, ಗೊತ್ತೈತಾ?"

ಗೊತ್ತಿತ್ತು. ಹಿತ್ತಲ ಬಾಗಿಲೂ ಉಳಿಯಬೇಕು, ಮೈದುನನ ಮಳಿಗೆಯೂ ಉಳಿಯಬೇಕು ಎಂದು ಅವಳು ರಾತ್ರಿಯೆಲ್ಲ ಹೊರಳಾಡಿದಳು. ಬೆಳಗ್ಗೆ ಒಣಬಟ್ಟೆ ಹಿಡಿದು ಡಬ್ಬಿಯ ಧೂಳು ಒರೆಸುತ್ತ ಪ್ರದೀಪನನ್ನು ಕರೆದಳು. "ಸಿಟ್ಟು ಮಾಡ್ಕೋಬ್ಯಾಡಪ್ಪ. ಇನ್ಮುಂದೆ ತಪ್ಪಾಗಬಾರ್ದು ಅಂತ ಕೇಳ್ತೀನಿ. ಯಾವ ವೈರು ಯಾವುದರ್ದು?"

ವಿದ್ಯೆ ಕೇಳಿದರೆ ಪ್ರದೀಪನ ಸಿಟ್ಟು ಉಳಿಯುತ್ತಿರಲಿಲ್ಲ. ಮೊದಲನೆಯದು ಮುಂಬಾಗಿಲು, ಪಕ್ಕದ್ದು ಕಣ, ಆಮೇಲೆ ಗೋದಾಮು, ಹಿತ್ತಲು, ತುದಿಯದು ಮಹಡಿಯ ವೈಫೈ. ವೈರಿನ ತುದಿಯಲ್ಲೊಂದು ಕೊಕ್ಕೆ. ಒತ್ತಿ ಎಳೆದರೆ ಬರುತ್ತದೆ, ಒಳಗೆ ತಳ್ಳಿದರೆ ಟಕ್ ಎಂದು ಕೂರುತ್ತದೆ. ವಾಣಿಶ್ರೀ ತಲೆಯಾಡಿಸುತ್ತ ಎಲ್ಲ ಕಲಿತಳು.

ಅಂದಿನಿಂದ ಮಂಗಳವಾರ, ಶನಿವಾರ ಗಿರಣಿಯ ಕೆಲಸ ನಿಂತಿತು. ಅವಳೇ ಮುಂದೆ ನಿಂತು ಹಿತ್ತಲಿನ ವೈರೊಂದನ್ನು ಮಾತ್ರ ಕೀಳುತ್ತಿದ್ದಳು. ಕಣ ಕಾಣುತ್ತಿತ್ತು, ಗೋದಾಮು ಕಾಣುತ್ತಿತ್ತು, ಡಬ್ಬಿ ಬೆಚ್ಚಗೇ ಇತ್ತು. ಅರುಣಾ ಹೋದ ಮೇಲೆ ಬಚ್ಚಲು ತೊಳೆದು, ಎಣ್ಣೆಯ ಜಿಡ್ಡು ಉಜ್ಜಿ, ಲೋಬಾನದ ಬೂದಿ ತಿಪ್ಪೆಗೆ ಚೆಲ್ಲಿ, ಕಿಟಕಿ ತೆರೆದು, ವಾಸನೆ ಹೋಗಲೆಂದು ಊದುಬತ್ತಿ ಹಚ್ಚಿಟ್ಟು, ಮತ್ತೆ ವೈರು ಚುಚ್ಚುತ್ತಿದ್ದಳು. ಕೂಸಿನ ಒಂದು ದಾರವೂ ಅಲ್ಲಿ ಉಳಿಯುತ್ತಿರಲಿಲ್ಲ. ಹಿತ್ತಲಿನದು ಆಗಾಗ ಹೋಗುತ್ತಿರುವುದು ಪ್ರದೀಪನ ಕಣ್ಣಿಗೆ ಬಿತ್ತು. ಪಿನ್ನು ಸರಿ ಕೂತಿಲ್ಲವೆಂದು ಎರಡು ಸಲ ಬದಲಾಯಿಸಿದ. ಮಳಿಗೆಯ ಆಸೆಗೆ ಅಪ್ಪನಿಗೆ ಹೇಳದೆ ನುಂಗಿಕೊಂಡ.

"ನೀನು ಬಲೇ ಜಾಣೆ ಬಿಡು," ಎಂದರು ಶಿವಗಂಗಮ್ಮ. ವಾಣಿಶ್ರೀಗೂ ಒಳಗೊಳಗೇ ಹೆಮ್ಮೆಯಾಯಿತು.

ಮನೆ ತಣ್ಣಗಾಯಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಕುಂಬಳಕಾಯಿ ಪಲ್ಯದ ಸಂಕ್ರಾಂತಿ ಬಂದು ಹೋಯಿತು. ಮೊಸರು ಪ್ರತಿರಾತ್ರಿ ಕಲ್ಲಿನಂತೆ ಗಟ್ಟಿ. ಕೆಟ್ಟದ್ದು ಒಂದೇ: ಜಯದೇವಪ್ಪನವರ ಹಸಿವು.

ಮೊದಮೊದಲು ಹೊನ್ನಾಳಿಯಿಂದ ಬಂದವರು ಚಪ್ಪಲಿ ಬಿಡುವ ಮುಂಚೆಯೇ ಕೇಳುತ್ತಿದ್ದರು, "ಮೊಸರು ಹೆಪ್ಪಾಗೈತಾ?"

"ಹೂಂ ಮಾವಾರೆ. ಗಟ್ಟಿ ಆಗೈತೆ."

"ಹೂಂ," ಎಂದು ಒಳಗೆ ಹೋಗುತ್ತಿದ್ದರು. ಬಚ್ಚಲಿಗೆ ಹೋಗಿ ಕಾಲು ತೊಳೆದು, ಸುಮ್ಮನೆ ನಿಂತು, ಮರಳುತ್ತಿದ್ದರು. ಊಟದಲ್ಲಿ ಒಂದು ರೊಟ್ಟಿ ಮುರಿದು ಅರ್ಧ ಬಿಡುತ್ತಿದ್ದರು. ಮೊಸರು ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. "ಬ್ಯಾಡ."

"ಮೊಸರು ಬ್ಯಾಡ್ವಾ?" ಶಿವಗಂಗಮ್ಮ ಗಾಬರಿಯಾದರು.

"ಬ್ಯಾಡ ಅಂದ್ನಲ್ಲ."

ಗುರುಬಸವರಾಜ್ ಬಲವಂತದಿಂದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ ಕರೆತಂದ. ಡಾಕ್ಟರು ಏನೂ ಇಲ್ಲ ಎಂದರು. ಏನೂ ಇಲ್ಲದ ಮನುಷ್ಯ ದಿನದಿನಕ್ಕೆ ಬತ್ತುತ್ತಿದ್ದ. ಸಿಡುಕೂ ಹೆಚ್ಚಾಯಿತು. ಕಣದಲ್ಲಿ ಜೋಳ ಹರವಿದ್ದು ಸರಿಯಿಲ್ಲ, ಸಾರಿಗೆ ಉಪ್ಪಿಲ್ಲ, ಓಣಿಯ ಗೇಟಿನ ಚಿಲಕ ಯಾಕೆ ಹಾಕಿದ್ದೀರಿ. ಚಿಲಕದ ಮಾತು ಮಾತ್ರ ವಾಣಿಶ್ರೀಗೆ ವಿಚಿತ್ರವೆನಿಸಿತು. ಹಾಕಿಲ್ಲವೆಂದು ಬೈಯುವವರುಂಟು, ಹಾಕಿದ್ದಕ್ಕೆ ಬೈದವರನ್ನು ಅವಳು ಕಂಡಿರಲಿಲ್ಲ.

ಶಿವರಾತ್ರಿಗೆ ಇನ್ನೂ ಕೆಲವು ದಿನ ಇರುವಾಗ, ಒಂದು ಮಂಗಳವಾರ ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದರು. ಆ ಮಧ್ಯಾಹ್ನವೂ ಅರುಣಾ ಬಂದು ಹೋಗಿದ್ದಳು. ಕೂಸು ಈಗ ಅಜ್ಜಿಯ ಕಾಲಿನ ಮೇಲೆ ಕಾಲು ಬಡಿದು ಕೇಕೆ ಹಾಕುತ್ತಿತ್ತು.

ಪ್ರದೀಪ ತಡೆಯಲಾರದೆ ಹೇಳಿದ, "ಅಪ್ಪಾಜಿ, ಸಂಕ್ರಾಂತಿಗಿಂತ ಮುಂಚಿಂದ ಡಬ್ಬಿ ಒಂದು ಸಲಾನೂ ಆರಿಲ್ಲ. ನೋಡಿದ್ರಲ್ಲ?"

"ನೋಡಿದೀನಿ."

"ಹಂಗಾದ್ರೆ ಮಳಿಗೆ..."

"ತಗೋ. ಬೀಗದಕೈ ಗೂಟಕ್ಕೈತೆ."

ಪ್ರದೀಪ ಅರ್ಧ ಊಟದಲ್ಲೇ ಎದ್ದು ಬೀಗದಕೈ ಹಿಡಿದುಕೊಂಡು ಮಳಿಗೆ ನೋಡಲು ಓಡಿದ. ತಮ್ಮನ ಸಂಭ್ರಮ ನೋಡಲು ಗುರುಬಸವರಾಜನೂ ಕೈ ತೊಳೆದು ಹೋದ. ಇಷ್ಟು ತಿಂಗಳ ಜಗಳ ಇಷ್ಟು ಸಪ್ಪಗೆ ಮುಗಿಯಿತಲ್ಲ ಎಂದು ವಾಣಿಶ್ರೀಗೆ ಅಚ್ಚರಿಯಾಯಿತು. ಮೊಸರಿನ ಪಾತ್ರೆ ತಂದಳು. ಜಯದೇವಪ್ಪ ಪಾತ್ರೆಯೊಳಗೆ ಇಣುಕಿದರು. ಗಟ್ಟಿ ಮೊಸರು, ಮೇಲೆ ಹಳದಿ ಕೆನೆ. ಅವರು ತಟ್ಟೆ ದೂಡಿದರು.

"ಲೇ ಶಿವಗಂಗಾ," ಎಂದರು. "ಮಗೀಗೆ ಹುಷಾರಿಲ್ವೇನು?"

ಶಿವಗಂಗಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಯಾವ ಮಗೀಗೆ?"

"ಯಾವ ಮಗು ಅಂದ್ರೆ? ಮಂಗಳವಾರ, ಶನಿವಾರ ಮೊಸರು ಹಾಲಾಗಿರ್ತಿತ್ತು. ಬಚ್ಚಲಾಗೆ ಲೋಬಾನದ ಹೊಗೆ ಇರ್ತಿತ್ತು. ಅವತ್ತು ನಾನು ಹೊಟ್ಟೆ ತುಂಬ ಉಣ್ತಿದ್ದೆ. ಈಗ ಎಷ್ಟು ವಾರದಿಂದ ನೋಡಿದ್ರೂ ಮೊಸರು ಹೆಪ್ಪಾಗೇ ಇರುತ್ತೆ. ಬಚ್ಚಲಾಗೆ ಬರೀ ಊದುಬತ್ತಿ. ಬರೋದು ಯಾಕೆ ಬಿಟ್ಲು? ಮಗೀಗೇನಾರ ಆಗೈತಾ? ನಾನು ಯಾರನ್ನ ಕೇಳ್ಲಿ?"

ವಾಣಿಶ್ರೀಗೆ ಈಗ ಅರ್ಥವಾಯಿತು. ಒಂದು ದಾರವೂ ಉಳಿಯದಂತೆ ಬಚ್ಚಲು ಉಜ್ಜಿದ್ದು ಅವಳು. ಡಬ್ಬಿಯ ಬಿಸಿ ಆರದಂತೆ ನೋಡಿಕೊಂಡಿದ್ದು ಅವಳು. ಇಷ್ಟು ವಾರ ಜಾಣತನವೆಂದು ಬೀಗಿದ್ದೆಲ್ಲ ಈ ಮುದುಕನ ಅನ್ನ ಕಿತ್ತುಕೊಂಡಿತ್ತು. ಅವಳಿಗೆ ನಾಚಿಕೆಯಾಯಿತು.

"ಹಂಗೇನಿಲ್ಲ ಮಾವಾರೆ. ಮಗು..." ಎಂದಳು.

ಜಯದೇವಪ್ಪ ಕೈ ಎತ್ತಿ ತಡೆದರು. "ನೀನೇನೂ ಹೇಳ್ಬ್ಯಾಡವ್ವ. ನಾನೂ ಏನೂ ಕೇಳ್ಲಿಲ್ಲ. ನಾಕು ಜನದ ಮುಂದೆ ಮಾತಾಡಿದೀನಿ. ನನಗೆ ಯಾರೂ ಏನೂ ಹೇಳಬಾರ್ದು."

ಎದ್ದು ಹಿತ್ತಲಿಗೆ ಹೋದರು. ಶಿವಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತರು. ಅಳುತ್ತಿದ್ದರು, ಅಳುವಿನ ನಡುವೆ ಒಂದೇ ಮಾತು: "ಗೊತ್ತಿತ್ತಂತೆ ನೋಡೇ. ಗೊತ್ತಿತ್ತಂತೆ."

ಶನಿವಾರ ಬಂತು. ಜಯದೇವಪ್ಪ ಬಿಳಿ ಅಂಗಿ ತೊಟ್ಟು, ಮುಂಬಾಗಿಲಲ್ಲಿ ನಿಂತು, ಓಣಿಯವರೆಗೂ ಕೇಳುವಂತೆ ಕೂಗಿದರು: "ಹೊನ್ನಾಳಿಗೆ ಹೋಗ್ತಿದೀನಿ. ಸಂಜಿ ದೀಪ ಹಚ್ಚೋ ಹೊತ್ತಿಗಿಂತ ಮುಂಚೆ ಬರಲ್ಲ." ಹಾಗೆ ಕೂಗುವುದು ಅವರ ಮೊದಲಿನ ಅಭ್ಯಾಸವೇ. ಜಂಬವೆಂದು ವಾಣಿಶ್ರೀ ಇಷ್ಟು ದಿನ ತಿಳಿದಿದ್ದಳು.

ಅವರು ಹೋದ ಮೇಲೆ ಅವಳು ಉಗ್ರಾಣಕ್ಕೆ ಬಂದಳು. ಹೆಪ್ಪು ಹಾಕಿದ ಪಾತ್ರೆ ಡಬ್ಬಿಯ ಮೇಲೆ ಕೂತಿತ್ತು. ಹಿತ್ತಲಿನ ವೈರಿಗೆ ಕೈ ಹಾಕಿದವಳು ಹಿಂದೆಗೆದುಕೊಂಡು, ಗೋಡೆಯ ಗುಂಡಿ ಒತ್ತಿದಳು. ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿದವು. ಓಣಿಯ ಗೇಟಿನ ಚಿಲಕ ತೆಗೆದಿಟ್ಟಳು. ಅರುಣಾ ಬಂದು ಹೋದ ಮೇಲೆ ಬಚ್ಚಲು ತೊಳೆಯಲಿಲ್ಲ, ಲೋಬಾನದ ಕೆಂಡವನ್ನು ಅಲ್ಲೇ ಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಪ್ರದೀಪ ಮೊಬೈಲು ಹಿಡಿದು ಉರಿಯುತ್ತಿದ್ದ. "ಇವತ್ತು ಮತ್ತೆ ಆರೈತೆ! ನಾಲ್ಕೂ! ನಾಳೆ ಅಂಗಡಿಗೆ ಬೋರ್ಡು ಹಾಕ್ಬೇಕು ಅಂತಿದೀನಿ, ನಮ್ಮನೇದೇ ನಡೆಯಲ್ಲ ಅಂದ್ರೆ ಜನ ಏನಂತಾರೆ? ಅತ್ಗೆ, ಮುಟ್ಟಲ್ಲ ಅಂದಿದ್ರಿ!"

ವಾಣಿಶ್ರೀ ಮಾವನ ತಟ್ಟೆಯ ಮೇಲೆ ಪಾತ್ರೆ ಬಗ್ಗಿಸಿದಳು. ಹಾಲಿನಂತೆ ಸುರಿದು ಅನ್ನದ ಸುತ್ತ ಹರಡಿತು. ಜಯದೇವಪ್ಪ ಅದನ್ನೇ ನೋಡುತ್ತ ಕೂತರು. ಆಮೇಲೆ ಕೈ ಇಟ್ಟು ಕಲಸಿದರು, ಒಂದು ತುತ್ತು ಬಾಯಿಗಿಟ್ಟರು, ಇನ್ನೊಂದು.

"ಡಬ್ಬಿದೇನೂ ತಪ್ಪಿಲ್ಲ," ಎಂದರು ಮಗನಿಗೆ. "ಸುಮ್ನೆ ಉಣ್ಣು."

ತಟ್ಟೆ ಬರಿದಾಯಿತು. ಅವರು ಅದನ್ನು ಸೊಸೆಯ ಕಡೆ ಸರಿಸಿದರು.

"ಇನ್ನೊಂದು ಸ್ವಲ್ಪ ಅನ್ನ ಹಾಕವ್ವ. ಮೊಸರು ಚೆನ್ನಾಗೈತೆ."